ಪ್ರತಿ ಮಗುವಿಗೂ ಸೂಜಿ ಹಿಡಿಯಲು ಕಲಿಸಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಧಾರವಾಡದಲ್ಲಿ ಮನೆಯಲ್ಲೇ ಹೊಲಿಗೆ ಕಲಿಸುವವಳು. ಕಲಿಯಲು ಬರುವವರಲ್ಲಿ ಹೆಚ್ಚಿನವರು ಪದವಿ ಮುಗಿಸಿರುತ್ತಾರೆ, ಕೆಲವರು ಬಿ.ಎಡ್. ಕೂಡ ಮಾಡಿರುತ್ತಾರೆ. ಲೆಕ್ಕ ಬರುತ್ತದೆ, ಕಂಪ್ಯೂಟರ್ ಬರುತ್ತದೆ. ಅಂಗಿಯ ಗುಂಡಿ ಕಿತ್ತುಬಂದರೆ ಮಾತ್ರ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಒಂದನೇ ತರಗತಿಯಿಂದ ಪದವಿಯವರೆಗೆ ಯಾರೂ ಅವರ ಕೈಗೆ ಸೂಜಿ ಕೊಟ್ಟಿಲ್ಲ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಆರರಿಂದ ಎಂಟನೇ ತರಗತಿಯವರೆಗಿನ ಎಲ್ಲ ಮಕ್ಕಳಿಗೂ, ಹುಡುಗರಿಗೂ ಹುಡುಗಿಯರಿಗೂ, ವಾರಕ್ಕೆ ಎರಡು ಅವಧಿ ಜೋಡಿಸಿ ಹೊಲಿಗೆ ಕಲಿಸಿ. ಅದಕ್ಕೆ ಪರೀಕ್ಷೆ ಬೇಡ, ದೊಡ್ಡ ಪಠ್ಯಪುಸ್ತಕವೂ ಬೇಡ. ಎಂಟನೇ ತರಗತಿ ದಾಟುವಷ್ಟರಲ್ಲಿ ಮಗು ತನ್ನ ಬಟ್ಟೆಯನ್ನು ತಾನೇ ದುರಸ್ತಿ ಮಾಡಿಕೊಳ್ಳುವಂತಾಗಬೇಕು, ಒಂದಾದರೂ ಉಡುಪನ್ನು ಅಳತೆ ತೆಗೆದು, ಕತ್ತರಿಸಿ, ಹೊಲಿದು, ತೊಟ್ಟುಕೊಂಡು ಶಾಲೆಗೆ ಬರಬೇಕು.

ಪರಿಸರದ ಬಗ್ಗೆ ಶಾಲೆಗಳಲ್ಲಿ ಈಗ ಸಾಕಷ್ಟು ಪಾಠಗಳಿವೆ. ಪ್ಲಾಸ್ಟಿಕ್ ಚೀಲ ಬೇಡ ಎನ್ನುತ್ತೇವೆ, ಗಿಡ ನೆಡಿಸುತ್ತೇವೆ, ನೀರು ಉಳಿಸಿ ಎಂದು ಗೋಡೆಗೆ ಬರೆಸುತ್ತೇವೆ. ಆದರೆ ಮಗು ಮೈಮೇಲೆ ಹಾಕಿಕೊಂಡಿರುವ ಬಟ್ಟೆಯ ಮಾತು ಎಲ್ಲಿಯೂ ಬರುವುದಿಲ್ಲ. ಒಂದು ಹತ್ತಿಯ ಟೀ ಶರ್ಟು ತಯಾರಾಗಲು, ಹತ್ತಿ ಬೆಳೆಯುವುದರಿಂದ ಹಿಡಿದು, ಸುಮಾರು 2,700 ಲೀಟರ್ ನೀರು ಬೇಕೆಂದು ಪರಿಸರ ಸಂಸ್ಥೆಗಳು ಅಂದಾಜು ಮಾಡಿವೆ. ಇಂದು ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್. ಅದರ ಮೂಲ ಕಚ್ಚಾತೈಲ. ಹೊಲದ ಬದಲು ತೈಲಬಾವಿಯಿಂದ ಬಂದ ಈ ಬಟ್ಟೆಯನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳು ಉದುರಿ ಚರಂಡಿಗೆ, ಅಲ್ಲಿಂದ ಕೆರೆಗೆ, ಹೊಳೆಗೆ ಸೇರುತ್ತವೆ. ಎಲೆನ್ ಮ್ಯಾಕಾರ್ಥರ್ ಪ್ರತಿಷ್ಠಾನ 2017ರಲ್ಲಿ ಹೊರತಂದ ವರದಿಯ ಪ್ರಕಾರ, ಅದರ ಹಿಂದಿನ ಹದಿನೈದು ವರ್ಷಗಳಲ್ಲಿ ಜಗತ್ತಿನ ಉಡುಪು ಉತ್ಪಾದನೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಒಂದು ಉಡುಪನ್ನು ತೊಡುವ ಸಲ ಮಾತ್ರ ಕಡಿಮೆಯಾಗುತ್ತ ಬಂದಿತ್ತು. ಹಳೆಯ ಬಟ್ಟೆ ಮತ್ತೆ ಹೊಸ ಬಟ್ಟೆಯಾಗುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ.

ಹಳೆಯ ಬಟ್ಟೆಯಿಂದ ನೂಲು ತೆಗೆಯುವ ಕೆಲಸ ನಮ್ಮ ದೇಶದಲ್ಲೇ, ಹರಿಯಾಣದ ಪಾಣಿಪತ್‌ನಲ್ಲಿ, ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಆದರೆ ಹತ್ತಿ ಮತ್ತು ಪಾಲಿಯೆಸ್ಟರನ್ನು ಒಂದೇ ನೂಲಿನಲ್ಲಿ ಬೆರೆಸಿಬಿಟ್ಟರೆ ಮತ್ತೆ ಅವನ್ನು ಬೇರ್ಪಡಿಸುವುದು ಬಹಳ ಕಷ್ಟ. ನಾವು ಟೆರಿಕಾಟ್ ಎಂದು ಕರೆಯುತ್ತ ಬಂದ ಬಟ್ಟೆ ಇಂಥದ್ದೇ. ಶಾಲೆಯ ಸಮವಸ್ತ್ರಗಳಲ್ಲಿ ಬಹುಪಾಲು ಈ ಜಾತಿಯವು.

ಸಮವಸ್ತ್ರದ ಮಾತು ಬಂದದ್ದರಿಂದ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಈ ಪತ್ರವನ್ನು ನಿಮಗೇ ಬರೆಯಲು ಅದೂ ಒಂದು ಕಾರಣ.

ಪ್ರತಿವರ್ಷ ದೀಪಾವಳಿ ಕಳೆಯಿತೆಂದರೆ ನಮ್ಮ ಓಣಿಯ ತಾಯಂದಿರು ಮಕ್ಕಳ ಶಾಲೆಯ ಅಂಗಿ, ಚಡ್ಡಿ, ಸ್ಕರ್ಟು ಹಿಡಿದುಕೊಂಡು ಬರತೊಡಗುತ್ತಾರೆ. "ಅಕ್ಕಾರ, ಇದನ್ನ ಒಂದೀಟ ಬಿಚ್ಚಿ ದೊಡ್ಡದ ಮಾಡಿಕೊಡ್ರಿ, ಹುಡುಗ ಎತ್ತರ ಆಗ್ಯಾನ." ನಾನು ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ನೋಡುತ್ತೇನೆ. ರೆಡಿಮೇಡ್ ಅಂಗಿಯ ಒಳಹೊಲಿಗೆಯ ಆಚೆ ಬಟ್ಟೆ ಉಳಿದಿರುವುದು ಅರ್ಧ ಬೆರಳಿನಷ್ಟೂ ಇಲ್ಲ. ಅದನ್ನೂ ಅಂಚು ಕತ್ತರಿಸಿ ಹೊಲಿಯುವ ಓವರ್‌ಲಾಕ್ ಮಿಷನ್ ಸವರಿಹಾಕಿರುತ್ತದೆ. ಸ್ಕರ್ಟಿನ ಕೆಳಗಿನ ಮಡಿಕೆ ಅರ್ಧ ಇಂಚು. ಬಿಚ್ಚಲು ಏನೂ ಇಲ್ಲ. ಬಟ್ಟೆ ಇನ್ನೂ ಗಟ್ಟಿಯಿದೆ, ಬಣ್ಣ ಹೋಗಿಲ್ಲ, ಆದರೂ ಮಗುವಿಗೆ ಅದು ಮುಗಿದುಹೋದ ಬಟ್ಟೆ.

ದರ್ಜಿಯ ಹತ್ತಿರ ಅಂಗಿ ಹೊಲಿಸುತ್ತಿದ್ದ ಕಾಲದಲ್ಲಿ ಮಕ್ಕಳ ಬಟ್ಟೆಗೆ ಪಕ್ಕದಲ್ಲಿ ಒಂದೂವರೆ ಇಂಚು ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಹೆಚ್ಚುವರಿ ಬಟ್ಟೆ, ಬಿಡುವುದು ರೂಢಿ. ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಮಡಿಕೆ, ಸಾಲದಿದ್ದರೆ ನಡುವೆ ಬಟ್ಟೆ ಮಡಚಿ ಹೊಲಿದ ಒಂದು ಟಕ್ಕು. ವರ್ಷ ಕಳೆದಂತೆ ಟಕ್ಕು ಬಿಚ್ಚುವುದು, ಮರುವರ್ಷ ಮಡಿಕೆ ಇಳಿಸುವುದು. ಒಂದೇ ಲಂಗ ಅಕ್ಕನಿಗೆ ಮೂರು ವರ್ಷ ಬಂದು ಆಮೇಲೆ ತಂಗಿಗೆ ಹೋಗುತ್ತಿತ್ತು. ಇದನ್ನು ಬಡತನದ ನೆನಪೆಂದು ಮಾತ್ರ ನೋಡುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೆಳೆಯುವ ಮಗುವಿನ ಮೈಯನ್ನು ಗಮನಿಸಿದ ಜಾಣತನ. ಕಾರ್ಖಾನೆಯಲ್ಲಿ ಒಂದೊಂದು ಅಂಗಿಯಲ್ಲೂ ಎರಡೆರಡು ಇಂಚು ಉಳಿಸಿದರೆ ಸಾವಿರಾರು ಅಂಗಿಗೆ ಎಷ್ಟು ಮೀಟರ್ ಉಳಿಯಿತೆಂಬುದೇ ಲೆಕ್ಕ. ಆ ಉಳಿತಾಯಕ್ಕೆ ಪಾಲಕರು ಮುಂದಿನ ವರ್ಷ ಮತ್ತೊಂದು ಜೊತೆ ಕೊಂಡು ಬೆಲೆ ತೆರುತ್ತಾರೆ.

ವಿದ್ಯಾ ವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಯ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ ಉಚಿತ ಸಮವಸ್ತ್ರ ಸಿಗುತ್ತದೆ. ಒಳ್ಳೆಯ ಯೋಜನೆ. ಸಮವಸ್ತ್ರ ಬಟ್ಟೆಯ ರೂಪದಲ್ಲಿ ಬಂದಾಗ ಅದನ್ನು ಹೊಲಿಸುವುದು ಪಾಲಕರ ಹೊಣೆ. ಕೂಲಿ ಮಾಡಿ ಬದುಕುವ ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರೆ ಹೊಲಿಗೆ ಕೂಲಿಯೇ ಭಾರ. ಎಷ್ಟೋ ಮನೆಗಳಲ್ಲಿ ಆ ಬಟ್ಟೆ ತಿಂಗಳುಗಟ್ಟಲೆ ಟ್ರಂಕಿನಲ್ಲಿ ಬಿದ್ದಿರುವುದನ್ನು ನೋಡಿದ್ದೇನೆ. ಹೊಲಿಯಲು ಬರುವ ಒಬ್ಬರು ಮನೆಯಲ್ಲಿದ್ದರೆ ಅದೇ ಬಟ್ಟೆ ಎರಡು ದಿನದಲ್ಲಿ ಮಗುವಿನ ಮೈಮೇಲಿರುತ್ತದೆ, ಮಾರ್ಜಿನ್ ಸಮೇತ.

ಆದ್ದರಿಂದ ಹೊಲಿಗೆಯ ಪಾಠಕ್ಕೆ ಹೊಸ ಸಾಮಗ್ರಿ ಹುಡುಕುವ ಅಗತ್ಯವಿಲ್ಲ. ನೀವು ಕೊಡುವ ಸಮವಸ್ತ್ರದ ಬಟ್ಟೆಯೇ ಮೊದಲ ಪಾಠವಾಗಲಿ. ಆರನೇ ತರಗತಿಯಲ್ಲಿ ಕೈಹೊಲಿಗೆ: ದಾರ ಪೋಣಿಸುವುದು, ಗುಂಡಿ ಹಚ್ಚುವುದು, ಬಿಟ್ಟ ಹೊಲಿಗೆ ಹಾಕುವುದು, ಅಂಚು ಮಡಚಿ ಹೊಲಿಯುವ ಹೆಮ್ಮಿಂಗ್, ಹರಿದಲ್ಲಿ ತೇಪೆ. ಏಳನೇ ತರಗತಿಯಲ್ಲಿ ಕೈಚೀಲ, ದಿಂಬಿನ ಚೀಲ, ಲಾಡಿ ಹಾಕುವ ಪೈಜಾಮ. ಎಂಟಕ್ಕೆ ಬಂದಾಗ ಮಿಷನ್. ಕಾಲಿನಿಂದ ತುಳಿಯುವ ಮಿಷನ್ನೇ ಸಾಕು. ಅದಕ್ಕೆ ಕರೆಂಟು ಬೇಡ, ಮಗುವಿನ ಕಾಲಿನ ಹಿಡಿತಕ್ಕೆ ತಕ್ಕಂತೆ ಓಡುತ್ತದೆ, ಬೆರಳಿಗೂ ಅಪಾಯ ಕಡಿಮೆ.

ಹೊಲಿಗೆ ಕಲಿಸಿದರೆ ಓದು ಹಿಂದೆ ಬೀಳುತ್ತದೆ ಎನ್ನುವ ಪಾಲಕರಿಗೆ ನನ್ನ ಮನೆಯ ಕಟಿಂಗ್ ಮೇಜಿನ ಮೇಲೆ ನಡೆಯುವುದನ್ನು ತೋರಿಸಬೇಕೆನಿಸುತ್ತದೆ. ಪುಟ್ಟ ಹುಡುಗಿಗೆ ಅಂಬ್ರೆಲ್ಲಾ ಲಂಗ, ಅಂದರೆ ಪೂರ್ತಿ ವೃತ್ತಾಕಾರದ ಲಂಗ, ಕತ್ತರಿಸಬೇಕು. ಸೊಂಟದ ಸುತ್ತಳತೆ 24 ಇಂಚು. ಬಟ್ಟೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿ ನಾಲ್ಕು ಪದರ ಮಾಡುತ್ತೇವೆ. ಮಡಿಕೆಗಳು ಕೂಡುವ ಮೂಲೆಯೇ ವೃತ್ತದ ಕೇಂದ್ರ. ಅಲ್ಲಿಂದ ಎಷ್ಟು ಇಂಚಿಗೆ ಸೊಂಟದ ಗುರುತು ಹಾಕಬೇಕು? ಸುತ್ತಳತೆಯನ್ನು 6.28ರಿಂದ ಭಾಗಿಸಬೇಕು, ಅಂದರೆ ಪೈ ಬೆಲೆಯ ಎರಡರಷ್ಟರಿಂದ. ಬರುವ ಉತ್ತರ 3.8 ಇಂಚಿನ ಆಸುಪಾಸು. ನಾಲ್ಕು ಇಂಚಿಗೆ ಗುರುತು ಹಾಕಿದರೆ ಸೊಂಟ 25 ಇಂಚಾಗಿ ಲಂಗ ಜಾರುತ್ತದೆ. ಗಣಿತದಲ್ಲಿ ಯಾವಾಗಲೂ ಹಿಂದೆ ಇದ್ದೆ ಎನ್ನುವ ಹೆಣ್ಣುಮಗಳು ಈ ಭಾಗಾಕಾರವನ್ನು ಬೆರಳ ತುದಿಯಲ್ಲಿ ಮಾಡುತ್ತಾಳೆ. ತ್ರಿಜ್ಯ ಎಂದರೇನೆಂದು ಆಮೇಲೆ ಅವಳಿಗೆ ಯಾರೂ ವಿವರಿಸಬೇಕಿಲ್ಲ.

ವಿಜ್ಞಾನದ ಪಾಠಕ್ಕೂ ಇಲ್ಲಿ ಜಾಗವಿದೆ. ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು, ಶಿಕ್ಷಕರ ಎದುರಲ್ಲೇ, ಚಿಮಟದಲ್ಲಿ ಹಿಡಿದು ದೀಪಕ್ಕೆ ತಾಗಿಸಿದರೆ ಅದು ಯಾವ ನಾರೆಂದು ಗೊತ್ತಾಗುತ್ತದೆ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ, ಮುದುಡಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಒಮ್ಮೆ ಇದನ್ನು ಕಣ್ಣಾರೆ ಕಂಡ ಮಗು ಅಂಗಡಿಯಲ್ಲಿ "ಪ್ಯೂರ್ ಕಾಟನ್" ಎಂಬ ಮಾತಿಗೆ ಸುಲಭದಲ್ಲಿ ಮರುಳಾಗುವುದಿಲ್ಲ.

ನಮ್ಮ ಭಾಗದ ಹೆಣ್ಣುಮಕ್ಕಳು ಇದನ್ನೆಲ್ಲ ಶಾಲೆಗೆ ಹೋಗದೆಯೂ ಬಲ್ಲವರಾಗಿದ್ದರು. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳನ್ನು ನೋಡಿ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ, ಗಂಟೇ ಹಾಕದೆ, ಹಿಂದೆ ಮುಂದೆ ಒಂದೇ ರೀತಿ ಕಾಣುವಂತೆ ಗೋಪುರ, ತೇರು, ಆನೆ ಮೂಡಿಸುತ್ತಿದ್ದರು. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿಯುವ ಹೊದಿಕೆ, ಕೌದಿಯದು ಇನ್ನೂ ದೊಡ್ಡ ವಿದ್ಯೆ. ಹರಿದ ಸೀರೆ, ಧೋತರ, ಅಂಗಿಯ ಬೆನ್ನು, ಕುಪ್ಪಸದ ಚೂರು, ಯಾವುದೂ ಹೊರಗೆ ಬೀಳುತ್ತಿರಲಿಲ್ಲ. ಗಟ್ಟಿ ತುಂಡುಗಳು ಮೇಲೆ, ಸವೆದ ಮೆತ್ತನೆಯವು ನಡುವೆ. ಅಂಚಿನಿಂದ ಹೊಲಿಗೆ ಶುರುಮಾಡಿ, ಸಾಲಿನ ಪಕ್ಕ ಸಾಲು ಹಾಕುತ್ತ ನಡುವಿಗೆ ಬಂದು ಮುಗಿಸುವುದು. ಬೇಸಿಗೆಯಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಓಣಿಗೆ ಬಂದು ಕಟ್ಟೆಯ ಮೇಲೆ ಕೂತು ಮನೆಮನೆಯ ಹಳೆಯ ಬಟ್ಟೆಗೆ ಮತ್ತೊಂದು ಆಯುಷ್ಯ ಕೊಡುತ್ತಿದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಇಂದು ದೇಶವಿದೇಶಗಳ ಪ್ರದರ್ಶನಗಳಲ್ಲಿ ತೂಗುತ್ತಿವೆ. ಹೊರಗಿನವರು ಅದನ್ನು ಕಲೆಯೆಂದು ಮೆಚ್ಚುವಾಗ ನಮ್ಮದೇ ಶಾಲೆಯ ಮಗುವಿಗೆ ಅದರ ಹೆಸರೂ ಗೊತ್ತಿಲ್ಲದಿರುವುದು ನನ್ನನ್ನು ಬಹಳ ನೋಯಿಸುತ್ತದೆ.

ಇನ್ನು ಹುಡುಗರ ವಿಷಯ. ಇದರಲ್ಲಿ ರಾಜಿ ಬೇಡವೆಂದು ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹೊಲಿಗೆಯನ್ನು ಹುಡುಗಿಯರಿಗೆ ಮಾತ್ರ ಕಲಿಸಿದರೆ ಅದು ಅವರ ತಲೆಯ ಮೇಲೆ ಇನ್ನೊಂದು ಮನೆಗೆಲಸವಾಗಿ ಬೀಳುತ್ತದೆ. ಗಂಡನ ಗುಂಡಿ, ಮಗನ ಚಡ್ಡಿ, ಮಾವನ ಧೋತರ, ಎಲ್ಲವೂ ಅವಳ ಪಾಲಿಗೆ. ಸುಸ್ಥಿರ ಬದುಕು ಎಂಬ ಹೆಸರಿನಲ್ಲಿ ಹೆಂಗಸರ ದುಡಿಮೆ ಹೆಚ್ಚುವುದಾದರೆ ಅಂಥ ಪಾಠ ನನಗೆ ಬೇಡ. ಹೊಲಿಗೆ ಹೆಂಗಸರ ಕೆಲಸವೆಂಬ ಮಾತಿಗೆ ನಮ್ಮ ನಾಡಿನಲ್ಲಿ ಆಧಾರವೂ ಇಲ್ಲ. ಪೇಟೆಯ ದರ್ಜಿಗಳಲ್ಲಿ ಬಹುಪಾಲು ಗಂಡಸರೇ. ಹನ್ನೆರಡನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು, ಬಟ್ಟೆ ಹೊಲಿಯುವುದೇ ಅವರ ಕಾಯಕ. ಜಪಾನಿನಲ್ಲಿ ಐದನೇ ತರಗತಿಯಿಂದ ಹುಡುಗರು ಹುಡುಗಿಯರು ಒಟ್ಟಿಗೇ ಕೂತು ಹೊಲಿಗೆ ಕಲಿಯುತ್ತಾರೆ. ಫಿನ್‌ಲೆಂಡಿನಲ್ಲೂ ಕರಕುಶಲ ಎಲ್ಲರಿಗೂ ಕಡ್ಡಾಯ.

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಜನ ದುಡಿಯುತ್ತಿದ್ದಾರೆ, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಭವಿಷ್ಯ ನಿಧಿಯ ನಿಯಮ ಬದಲಾಯಿಸಿದಾಗ 2016ರ ಏಪ್ರಿಲ್‌ನಲ್ಲಿ ಬೀದಿಗಿಳಿದು, ಕೇಂದ್ರ ಸರ್ಕಾರ ಅದನ್ನು ಹಿಂಪಡೆಯುವಂತೆ ಮಾಡಿದವರು ಇವರೇ. ಅಲ್ಲಿ ದುಡಿದು ಊರಿಗೆ ಮರಳಿದ ಕೆಲವರು ನನ್ನಲ್ಲಿಗೂ ಬಂದಿದ್ದಾರೆ. ಒಬ್ಬಾಕೆ ವರ್ಷಗಟ್ಟಲೆ ಕಾಲರ್ ಮಾತ್ರ ಹೊಲಿದವಳು, ಇನ್ನೊಬ್ಬಾಕೆ ತೋಳು ಕೂಡಿಸುವವಳು. ಅವರ ಕೈಯ ವೇಗ ನನಗೆ ಈ ಜನ್ಮದಲ್ಲಿ ಬರಲಾರದು. ಆದರೆ ಇಡೀ ಅಂಗಿ ಕತ್ತರಿಸಲು ಅವರಿಗೆ ಬರುತ್ತಿರಲಿಲ್ಲ, ಯಾಕೆಂದರೆ ಯಾರೂ ಅವರಿಗೆ ಇಡೀ ಅಂಗಿಯನ್ನು ಕೊಟ್ಟಿರಲಿಲ್ಲ. ಬಾಂಗ್ಲಾದೇಶದ ಸಾವರ್‌ನಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದಾಗ ಸತ್ತ 1,100ಕ್ಕೂ ಹೆಚ್ಚು ಜನ ಇಂಥ ಕೆಲಸದವರೇ. ಬಿರುಕು ಬಿಟ್ಟ ಕಟ್ಟಡದೊಳಗೆ ಅವರನ್ನು ಕೆಲಸಕ್ಕೆ ಕಳಿಸಲಾಗಿತ್ತು.

ಈ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ಮನೆಯಲ್ಲಿ ಹೊಲಿದರೆ ದುಡ್ಡು ಉಳಿಯುತ್ತದೆ ಎಂದು ಆಸೆ ಹುಟ್ಟಿಸಿ ಈ ಪಾಠ ಶುರುಮಾಡಬೇಡಿ. ಅದು ಎಲ್ಲ ಸಲವೂ ನಿಜವಲ್ಲ. ಸಂತೆಯಲ್ಲಿ ನೂರೈವತ್ತು ರೂಪಾಯಿಗೆ ಟೀ ಶರ್ಟು ಸಿಗುತ್ತದೆ. ಒಳ್ಳೆಯ ಹತ್ತಿಬಟ್ಟೆ, ದಾರ, ಗುಂಡಿ, ಲೈನಿಂಗ್ ಸೇರಿಸಿದರೆ ಮನೆಯಲ್ಲಿ ಹೊಲಿದ ಅಂಗಿಗೆ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಕೈಯಾರೆ ಒಂದು ಅಂಗಿ ಹೊಲಿದ ಮಗುವಿಗೆ ಅಷ್ಟು ಕಡಿಮೆ ಬೆಲೆಗೆ ಅದು ಹೇಗೆ ಸಿಗುತ್ತದೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಕಾಲರ್ ಕೂರಿಸಲು ಎಷ್ಟು ಹೊತ್ತು ಬೇಕು, ಗುಂಡಿಯ ಕಾಜಾ ಹಾಕುವಾಗ ಕಣ್ಣು ಎಷ್ಟು ದಣಿಯುತ್ತದೆ ಎಂದು ಅದಕ್ಕೆ ಗೊತ್ತಿರುತ್ತದೆ. ಹೊಲಿದವರಿಗೆ ಆ ನೂರೈವತ್ತರಲ್ಲಿ ಎಷ್ಟು ಸಿಕ್ಕಿರಬಹುದೆಂದು ಅದು ಲೆಕ್ಕ ಹಾಕದೆ ಇರದು. ಉಳಿತಾಯ ಬರುವುದು ಇನ್ನೊಂದು ದಾರಿಯಿಂದ, ಹೊಲಿದ ಬಟ್ಟೆ ಹೆಚ್ಚು ವರ್ಷ ಬಾಳುವುದರಿಂದ.

ಹೊಲಿಯಲು ಕಲಿತವರೆಲ್ಲ ಹಿತಮಿತವಾಗಿ ಬಾಳುತ್ತಾರೆಂದೂ ನಾನು ಹೇಳಲಾರೆ. ಮಿಷನ್ ಕೊಂಡ ಹುರುಪಿನಲ್ಲಿ ಕಂಡ ಕಂಡ ಬಟ್ಟೆಯ ತುಂಡನ್ನೆಲ್ಲ ತಂದು ಕಪಾಟು ತುಂಬಿಸಿಕೊಳ್ಳುವವರಿದ್ದಾರೆ. ಅದಕ್ಕಾಗಿಯೇ ದುರಸ್ತಿಯ ಪಾಠ ಮೊದಲು ಬರಬೇಕು, ಹೊಸದನ್ನು ಹೊಲಿಯುವ ಪಾಠ ಆಮೇಲೆ. ನಾನು ಕಲಿಸುವುದೂ ಹಾಗೆಯೇ. ಮೊದಲ ವಾರ ಹೊಸ ಬಟ್ಟೆಯನ್ನು ಮುಟ್ಟಿಸುವುದಿಲ್ಲ. ಮನೆಯಿಂದ ಹರಿದದ್ದನ್ನು ತನ್ನಿ ಎನ್ನುತ್ತೇನೆ.

ಇದಕ್ಕೆಲ್ಲ ಶಿಕ್ಷಕರೆಲ್ಲಿ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಗಾಂಧೀಜಿ 1937ರಲ್ಲಿ ವರ್ಧಾದಲ್ಲಿ ಕೈಕೆಲಸದ ಮೂಲಕ ಶಿಕ್ಷಣ ಎಂಬ ವಿಚಾರ ಮುಂದಿಟ್ಟ ಮೇಲೆ ನಮ್ಮಲ್ಲೂ ಮೂಲ ಶಿಕ್ಷಣದ ಶಾಲೆಗಳು ನಡೆದವು, ಮಕ್ಕಳು ತಕಲಿಯಲ್ಲಿ ನೂಲು ತೆಗೆದರು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕೆಲಸವನ್ನು ಶಾಲೆಯ ಪಾಠದಲ್ಲಿ ಸೇರಿಸಲು ಹೇಳಿತು. ನಮ್ಮ ಹೈಸ್ಕೂಲುಗಳಲ್ಲಿ ಹೊಲಿಗೆ ಕಲಿಸುವ ಶಿಕ್ಷಕಿಯರಿದ್ದರು. ಅವರು ನಿವೃತ್ತರಾದಂತೆ ಎಷ್ಟೋ ಕಡೆ ಆ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ, ಅವಧಿಯನ್ನು ಬೇರೆ ವಿಷಯ ತುಂಬಿಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಜೊತೆ ಕಲಿಯಲಿ ಎಂಬ ಮಾತಿದೆ. ಆ ನೀತಿಯ ಬಗ್ಗೆ ನಿಮ್ಮ ಸರ್ಕಾರದ ಅಭಿಪ್ರಾಯ ಏನೇ ಇರಲಿ, ಈ ಒಂದು ಮಾತು ಒಳ್ಳೆಯದು. ಆದರೆ ಹತ್ತು ದಿನದಲ್ಲಿ ಕೈ ಪಳಗುವುದಿಲ್ಲ.

ಶಿಕ್ಷಕರು ನಿಮ್ಮ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಬಸ್‌ಸ್ಟ್ಯಾಂಡಿನ ಪಕ್ಕದ ಪುಟ್ಟ ಅಂಗಡಿಯಲ್ಲಿ ಜಿಪ್ ಬದಲಿಸುತ್ತ, ಫಾಲ್ಸ್ ಹಚ್ಚುತ್ತ ಕೂತಿರುವ ದರ್ಜಿ ನಲವತ್ತು ವರ್ಷದ ಅನುಭವಿ. ರೆಡಿಮೇಡ್ ಬಂದ ಮೇಲೆ ಅವರ ಮಗ ಆ ಕೆಲಸಕ್ಕೆ ಬರಲಿಲ್ಲ. ಸ್ವಸಹಾಯ ಸಂಘಗಳಲ್ಲಿ ಹೊಲಿಗೆ ತರಬೇತಿ ಪಡೆದ ಹೆಣ್ಣುಮಕ್ಕಳಿದ್ದಾರೆ. ಸರ್ಕಾರದ ಬೇರೆಬೇರೆ ಯೋಜನೆಗಳಲ್ಲಿ ಉಚಿತವಾಗಿ ಹಂಚಿದ ಮಿಷನ್ನುಗಳು ಎಷ್ಟೋ ಮನೆಗಳಲ್ಲಿ ಕೆಲಸವಿಲ್ಲದೆ ನಿಂತಿವೆ. ಇವರನ್ನು ಅತಿಥಿ ಶಿಕ್ಷಕರಂತೆ ಶಾಲೆಗೆ ಕರೆಯಿರಿ, ಪದವಿಯ ಪ್ರಮಾಣಪತ್ರ ಕೇಳಬೇಡಿ, ಗೌರವಧನವನ್ನು ತಿಂಗಳು ತಿಂಗಳಿಗೆ ತಪ್ಪದೆ ಕೊಡಿ. ಹಳ್ಳಿಯ ದರ್ಜಿ ಶಾಲೆಯ ಕೋಣೆಯೊಳಗೆ ಗುರುವಾಗಿ ನಿಂತರೆ ಅವರ ಕಸುಬಿನ ಮೇಲೆ ಆ ಮಕ್ಕಳಿಗೆ ಹುಟ್ಟುವ ಗೌರವವೇ ಬೇರೆ.

ಬಟ್ಟೆಯ ವಿಷಯದಲ್ಲೂ ನಿಮ್ಮ ಇಲಾಖೆ ಒಂದು ಹೆಜ್ಜೆ ಇಡಬಹುದು. ನಮ್ಮ ಹತ್ತಿರದ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಿಂದ ಇರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜವನ್ನು ಅಳತೆ ಒಂದಿಷ್ಟೂ ತಪ್ಪದಂತೆ ಹೊಲಿಯುತ್ತದೆ. ಅಲ್ಲಿ ದುಡಿಯುವವರಲ್ಲೂ ಹೆಂಗಸರೇ ಹೆಚ್ಚು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟ ಮೇಲೆ ಆ ಕೈಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಸಾಗರದ ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರು, ದಾಳಿಂಬೆ ಸಿಪ್ಪೆಯ ಬಣ್ಣದಲ್ಲಿ ಕೈಮಗ್ಗದ ಬಟ್ಟೆ ಮಾಡುತ್ತಿದ್ದಾರೆ. ಇಳಕಲ್ಲು, ಗುಳೇದಗುಡ್ಡ, ಬೆಟಗೇರಿಯ ಮಗ್ಗಗಳಿಗೆ ಕೆಲಸ ಬೇಕು. ಸಮವಸ್ತ್ರದ ಎರಡು ಜೊತೆಯಲ್ಲಿ ಒಂದಾದರೂ ರಾಜ್ಯದ ಕೈಮಗ್ಗದ ಹತ್ತಿಬಟ್ಟೆಯಾಗಲಿ. ಹೊಲಿದ ಸಮವಸ್ತ್ರಕ್ಕೆ ಟೆಂಡರ್ ಕರೆಯುವಾಗ ಮಾರ್ಜಿನ್ ಒಂದೂವರೆ ಇಂಚು, ಕೆಳಗಿನ ಮಡಿಕೆ ಮೂರು ಇಂಚು, ಒಳಗೆ ಒಂದು ಗುಂಡಿ ಹೆಚ್ಚು ಎಂದು ಷರತ್ತು ಬರೆಯಿಸಿ. ಒಂದು ಸಾಲಿನ ಷರತ್ತು ಸಾಕು, ಲಕ್ಷಗಟ್ಟಲೆ ಅಂಗಿಗಳ ಆಯುಷ್ಯ ಒಂದೊಂದು ವರ್ಷ ಹೆಚ್ಚುತ್ತದೆ.

ಎಲ್ಲ ಶಾಲೆಗಳಲ್ಲೂ ಒಮ್ಮೆಗೇ ಶುರುಮಾಡುವುದು ಕಷ್ಟವೆಂದರೆ ಜಿಲ್ಲೆಗೊಂದು ತಾಲ್ಲೂಕು ಆರಿಸಿಕೊಳ್ಳಿ. ಧಾರವಾಡ ಜಿಲ್ಲೆಯಲ್ಲಿ ಶುರುಮಾಡುವುದಾದರೆ ನನ್ನನ್ನೂ ನನ್ನ ಬಳಿ ಕಲಿತ ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಶನಿವಾರ ಬೆಳಗಿನ ಶಾಲೆಗೆ ನಾವು ಬರುತ್ತೇವೆ, ನಮ್ಮ ಕತ್ತರಿ, ಟೇಪು, ಸೂಜಿಗಳನ್ನು ನಾವೇ ತರುತ್ತೇವೆ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ತಯಾರಾಗುವ ಮುನ್ನ, ಅಂದರೆ ಬೇಸಿಗೆ ರಜೆ ಮುಗಿಯುವುದರೊಳಗೆ, ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಧಾರವಾಡದ ಹೊಲಿಗೆ ಶಿಕ್ಷಕಿ